ಅಡ್ಜೆಕ್ಟಿವ್ ಕಲಿಸಲು ನನಗೆ ಸಿಕ್ಕಿದ ‘ಈ’ ಮತ್ತು ‘ಇದು’

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಏಳೆಂಟು ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತೇನೆ. ಎಲ್ಲರೂ ಕನ್ನಡ ಮೀಡಿಯಂ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಇದರ ಮೇಲೆ ಇಂಗ್ಲಿಷ್ ಗ್ರಾಮರು ಬೇರೆ!

ಅಡ್ಜೆಕ್ಟಿವ್ ಅಂದರೆ ನಾಮಪದದ ಬಗ್ಗೆ ಹೇಳುವ ಪದ, ವಿಶೇಷಣ. ನಾನು ಕಲಿಯುವಾಗ ಅದು ಸುಮ್ನೆ ಒಂದು ಪಟ್ಟಿ. ಕ್ವಾಲಿಟಿ, ಕ್ವಾಂಟಿಟಿ, ನಂಬರ್, ಡೆಮಾನ್‌ಸ್ಟ್ರೇಟಿವ್, ಪೊಸೆಸಿವ್, ಇಂಟರಾಗೇಟಿವ್ ಅಂತ ಬಾಯಿಪಾಠ. ಪರೀಕ್ಷೆಯಲ್ಲಿ ‘ದಿಸ್ ಈಸ್ ಮೈ ಪೆನ್’ ಕೊಟ್ಟು ಅಡ್ಜೆಕ್ಟಿವ್ ಗುರುತಿಸಲು ಹೇಳಿದ್ದರು. ನಾನು ‘ದಿಸ್’ ಅಡಿಗೆ ಗೆರೆ ಎಳೆದೆ. ತಪ್ಪಾಯಿತು. ಯಾಕೆ ತಪ್ಪು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಉತ್ತರ ಸಿಕ್ಕಿದ್ದು ಟ್ಯೂಷನ್ ಶುರು ಮಾಡಿದ ಮೇಲೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಪೆನ್ಸಿಲ್ ಕಚ್ಚುತ್ತಾ ಕೇಳಿದಳು, “ಟೀಚರೇ, ದಿಸ್ ಅಂದರೆ ‘ಈ’ಯಾ, ‘ಇದು’ವಾ?”

ಅಲ್ಲೇ ಇತ್ತು ನೋಡಿ. ‘ದಿಸ್ ಪೆನ್’ ಅಂದರೆ ಈ ಪೆನ್ನು, ಅದು ಅಡ್ಜೆಕ್ಟಿವ್. ‘ದಿಸ್ ಈಸ್ ಮೈ ಪೆನ್’ ಅಂದರೆ ಇದು ನನ್ನ ಪೆನ್ನು, ಇಲ್ಲಿ ದಿಸ್ ನಾಮಪದದ ಬದಲಿಗೆ ನಿಂತ ಪ್ರೊನೌನ್ (ಸರ್ವನಾಮ), ಗೆರೆ ಎಳೆಯಬೇಕಾದದ್ದು ‘ಮೈ’ಗೆ. ಇಂಗ್ಲಿಷ್ ಒಂದೇ ಪದದಲ್ಲಿ ಮುಗಿಸುವುದನ್ನು ನಮ್ಮ ಕನ್ನಡ ಎರಡಾಗಿ ಒಡೆದು ಇಟ್ಟಿದೆ. ವಿಚ್ ಬಸ್ ಅಂದರೆ ಯಾವ ಬಸ್ಸು, ಬರೀ ವಿಚ್ ಅಂದರೆ ಯಾವುದು. ‘ಹಿಸ್’ ಕೂಡ ಹಾಗೇ, ಅವನ, ಅವನದು. ಆವತ್ತಿನಿಂದ ನಾನು ಪಟ್ಟಿ ಬಿಟ್ಟೆ. ಮೊದಲು ಕನ್ನಡದಲ್ಲಿ ಹೇಳಿ ನೋಡಿ ಅನ್ನುತ್ತೇನೆ. ‘ದು’ ಬಂದರೆ ಪ್ರೊನೌನ್. ಹೊಸ ಗ್ರಾಮರ್ ಪುಸ್ತಕಗಳು ಈ ದಿಸ್, ಮೈಗಳನ್ನು ಡಿಟರ್ಮಿನರ್ ಅನ್ನುತ್ತವೆ, ಹೆಸರು ಏನೇ ಇರಲಿ, ಪರೀಕ್ಷೆ ಮಾಡುವ ದಾರಿ ಇದೇ.

ಆದರೆ ಕನ್ನಡ ಎಲ್ಲ ಕಡೆ ಕೈ ಹಿಡಿಯುವುದಿಲ್ಲ. ‘ಈ ಹುಡುಗ’, ‘ಈ ಹುಡುಗರು’ ಎರಡಕ್ಕೂ ನಮಗೆ ಒಂದೇ ‘ಈ’, ಹಾಗಾಗಿ ಮಕ್ಕಳು ‘ದಿಸ್ ಬಾಯ್ಸ್’ ಅಂತ ಬರೆಯುತ್ತಾರೆ. ದೀಸ್ ಬೇಕು ಅಂತ ಹತ್ತು ಸಲ ಹೇಳಬೇಕು. ಇನ್ನು ‘ಸ್ವಲ್ಪ’ ಅಂತೂ ದೊಡ್ಡ ತಲೆನೋವು. ಸ್ವಲ್ಪ ನೀರಿಗೆ ಲಿಟ್ಲ್, ಸ್ವಲ್ಪ ಜನಕ್ಕೆ ಫ್ಯೂ. ಎಣಿಸಲು ಆಗುತ್ತದಾ ಅಂತ ಕೇಳಿಕೊಂಡರೆ ಇಷ್ಟು ಗೊತ್ತಾಗುತ್ತದೆ, ಆದರೆ ಮುಂದೆ ‘ಎ’ ಬಂದರೆ ಅರ್ಥವೇ ಬೇರೆ. ಇದಕ್ಕೆ ನಾನು ನಮ್ಮ ಬಾವಿಯನ್ನು ತೋರಿಸುತ್ತೇನೆ. ಮಾರ್ಚಿನಲ್ಲಿ ಅದರಲ್ಲಿ ‘ಎ ಲಿಟ್ಲ್ ವಾಟರ್’, ಅಂದರೆ ಸ್ವಲ್ಪ ಇದೆ, ಹೇಗೋ ಸಾಗುತ್ತದೆ. ಮೇ ಕೊನೆಗೆ ‘ಲಿಟ್ಲ್ ವಾಟರ್’, ಇದ್ದೂ ಇಲ್ಲದ ಹಾಗೆ. ಬಗ್ಗಿ ನೋಡಿದ ಮಕ್ಕಳು ಮತ್ತೆ ಮರೆಯಲಿಲ್ಲ.

ಹಲವು ಅಡ್ಜೆಕ್ಟಿವ್ ಒಟ್ಟಿಗೆ ಬಂದಾಗ ಯಾವುದು ಮೊದಲು ಅನ್ನುವುದಕ್ಕೆ ಬೇಕಲ ಕೋಟೆ ಸಾಕು: ‘ಎ ಬಿಗ್ ಓಲ್ಡ್ ಲ್ಯಾಟರೈಟ್ ಫೋರ್ಟ್’. ಗಾತ್ರ, ವಯಸ್ಸು, ಕೊನೆಗೆ ಮುರಕಲ್ಲು. ‘ಲ್ಯಾಟರೈಟ್ ಓಲ್ಡ್ ಬಿಗ್’ ಅಂತ ಜೋರಾಗಿ ಓದಿಸಿದರೆ ಅವರೇ ನಗುತ್ತಾರೆ.

ಮೊನ್ನೆ ಒಬ್ಬ ತೋಟದ ಬಗ್ಗೆ ‘ಬಿಗ್ ಬಿಗ್ ಟ್ರೀಸ್’ ಅಂತ ಬರೆದಿದ್ದ. ದೊಡ್ಡ ದೊಡ್ಡ ಮರಗಳು ಅಲ್ವಾ ನಮಗೆ. ನಾನು ಒಂದು ಬಿಗ್ ಹೊಡೆದು ಹಾಕಿದೆ.

“ಟೀಚರೇ, ಮರ ತುಂಬ ಇತ್ತಲ್ಲ!”

“ಅದಕ್ಕೆ ಟ್ರೀಸಿನ ಕೊನೆಗೆ ಎಸ್ ಇದೆಯಲ್ಲ ಮಾರಾಯ” ಅಂದೆ.