ಪತಂಗಕ್ಕೆ ಲೈಕ್ ಸಿಕ್ಕ ಕಡೆ, ಹೆಸರು ಸಿಕ್ಕ ಕಡೆ

ಶಿರಸಿ ಸೀಮೆಯ ಅಡಿಕೆ ತೋಟದವರಿಗೆ ಪತಂಗಗಳೇನೂ ಹೊಸದಲ್ಲ. ಮಳೆಗಾಲ ಶುರುವಾದರೆ ಅಂಗಳದ ದೀಪಕ್ಕೆ ಬಂದು ಮುತ್ತುತ್ತವೆ. ಅವುಗಳ ಫೋಟೋಗಳನ್ನು ಮೊದಲು ಫೇಸ್‌ಬುಕ್ಕಿಗೆ ಹಾಕುತ್ತಿದ್ದೆ. ಈಗ ಐನ್ಯಾಚುರಲಿಸ್ಟ್ ಎಂಬ, ಗಿಡ-ಮರ, ಪ್ರಾಣಿ, ಹುಳುಗಳನ್ನು ಗುರುತಿಸುವ ಜಾಲತಾಣಕ್ಕೆ ಹಾಕುತ್ತೇನೆ. ಎರಡೂ ಕಡೆ ಇರುವುದು ಜನರೇ, ಆದರೆ ಅವರು ಬರುವ ಕಾರಣ ಬೇರೆ.

ಫೇಸ್‌ಬುಕ್ಕಿನಲ್ಲಿ ಬರುವವರು ನನ್ನವರು. ನೆಂಟರು, ಕಾಲೇಜಿನ ಗೆಳೆಯರು. 'ಸೂಪರ್', 'ಯಾವ ಕ್ಯಾಮೆರಾ ಮಾರಾಯಾ?' ಅಂತ ಬರೆಯುತ್ತಾರೆ. ಆ ಪ್ರೀತಿ ಬೇಡ ಅನ್ನುವುದಿಲ್ಲ. ಆದರೆ ಅದು ಯಾವ ಪತಂಗ ಅಂತ ಯಾರೂ ಕೇಳುತ್ತಿರಲಿಲ್ಲ. ಎರಡು ದಿನ ಕಳೆದರೆ ಫೋಟೋ ಕೆಳಗೆ ಹೋಗಿ ಮರೆಯಾಗುತ್ತಿತ್ತು.

ಐನ್ಯಾಚುರಲಿಸ್ಟ್ ಶುರುವಾಗಿದ್ದು 2008ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ. ಫೋಟೋ ಜೊತೆ ತಾರೀಖು, ಜಾಗ ಕೊಡಬೇಕು. ಹೆಸರು ಗೊತ್ತಿಲ್ಲದಿದ್ದರೆ 'ಪತಂಗ' ಅಂತಷ್ಟೇ ಹಾಕಿದರೂ ನಡೆಯುತ್ತದೆ. ಆಮೇಲೆ ಗುರುತು ಪರಿಚಯ ಇಲ್ಲದವರು ಬಂದು ನೋಡುತ್ತಾರೆ. ಅವರಿಗೆ ಬೇಕಿರುವುದು ನಾನಲ್ಲ, ಪತಂಗ. ನನಗೆ ತುಂಬಾ ಹಿಡಿಸಿದ್ದೇ ಇದು.

ಒಮ್ಮೆ ಗೋಡೆಯ ಮೇಲೆ ಅಂಗೈಗಿಂತ ದೊಡ್ಡ ಪತಂಗ ಕೂತಿತ್ತು. ರೆಕ್ಕೆಯ ತುದಿ ಹಾವಿನ ತಲೆಯ ಹಾಗೆ. ಫೇಸ್‌ಬುಕ್ಕಿನಲ್ಲಿ ಅದಕ್ಕೆ ಲೈಕುಗಳ ಸುರಿಮಳೆ. ಐನ್ಯಾಚುರಲಿಸ್ಟ್‌ನಲ್ಲಿ ಒಬ್ಬರು ಅಟ್ಲಾಸ್ ಪತಂಗ ಅಂದರು. ಇನ್ನೊಬ್ಬರು ಒಪ್ಪಲಿಲ್ಲ. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿರುವುದು ಅದರ ಹತ್ತಿರದ ಬಂಧು, ಅಟ್ಟಾಕಸ್ ಟ್ಯಾಪ್ರೊಬಾನಿಸ್ ಎಂದು ಕಾರಣ ಸಮೇತ ಬರೆದರು. ಮೊದಲನೆಯವರು ಅದನ್ನು ಓದಿ ತಾವು ಹೇಳಿದ್ದ ಹೆಸರನ್ನು ಬದಲಿಸಿದರು. ಜಗಳವಿಲ್ಲ, ಮುನಿಸಿಲ್ಲ. ದೊಡ್ಡದಾದ ಮೇಲೆ ಈ ಪತಂಗ ಏನೂ ತಿನ್ನುವುದಿಲ್ಲ ಅಂತಲೂ ನನಗೆ ಗೊತ್ತಾಗಿದ್ದು ಆಗಲೇ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕುತ್ತದೆ.

ಹೆಸರು ಹೇಳಿದವರಲ್ಲಿ ಮೂರನೇ ಎರಡಕ್ಕಿಂತ ಜಾಸ್ತಿ ಜನ ಒಂದೇ ಪ್ರಭೇದ ಅಂತ ಒಪ್ಪಿದರೆ ಆ ದಾಖಲೆ 'ರಿಸರ್ಚ್ ಗ್ರೇಡ್' ಆಗುತ್ತದೆ. ಕಡಿಮೆ ಅಂದರೆ ಇಬ್ಬರಾದರೂ ಬೇಕು. ಬೇರೆಯವರೂ ಬಳಸಬಹುದು ಎಂಬ ಮುಕ್ತ ಲೈಸೆನ್ಸ್ ಕೊಟ್ಟಿದ್ದರೆ ಅಲ್ಲಿಂದ ಅದು ಜಿಬಿಐಎಫ್ ಎಂಬ ಜಾಗತಿಕ ಸಂಗ್ರಹಕ್ಕೂ ಹೋಗುತ್ತದೆ. ಸಂಶೋಧಕರು ಬಳಸುವುದು ಅದನ್ನೇ.

ಇದನ್ನೆಲ್ಲ ತಿಳಿದ ಮೇಲೆ ಫೋಟೋ ತೆಗೆಯುವ ರೀತಿಯೇ ಬದಲಾಯಿತು. ಬಿಳಿ ಪಂಚೆಯನ್ನು ಪರದೆಯ ಹಾಗೆ ಕಟ್ಟಿ, ಹಿಂದೆ ದೀಪ ಇಡುತ್ತೇನೆ. ಚಂದಕ್ಕಿಂತ ಗುರುತು ಮುಖ್ಯ. ರೆಕ್ಕೆಯ ಮೇಲ್ಭಾಗ, ಕೆಳಭಾಗ, ಮೀಸೆ, ಸಾಧ್ಯವಾದರೆ ಪಕ್ಕದಲ್ಲೊಂದು ಸ್ಕೇಲು. ಮುಗಿದ ಕೂಡಲೇ ದೀಪ ಆರಿಸುತ್ತೇನೆ, ಇಲ್ಲದಿದ್ದರೆ ಬೆಳಿಗ್ಗೆ ಹಕ್ಕಿಗಳಿಗೆ ಹಬ್ಬ.

ಇನ್ನೊಂದು ಮಾತು. ಹೆಸರು ಹೇಳಿಸಿಕೊಂಡವರು ಬೇರೆಯವರಿಗೂ ಹೇಳಬೇಕು. ಇದನ್ನು ಯಾರೂ ಕಡ್ಡಾಯ ಮಾಡಿಲ್ಲ. ಆದರೆ ಎಲ್ಲರೂ ಸುಮ್ನೆ ಫೋಟೋ ಹಾಕಿ ಹೋದರೆ ಗುರುತಿಸುವವರು ಯಾರು, ಅಲ್ವಾ? ಪತಂಗದಲ್ಲಿ ನನಗೆ ಅಷ್ಟು ಜ್ಞಾನವಿಲ್ಲ. ಹಾಗಾಗಿ ಮರಗಳಿಂದ ಶುರು ಮಾಡಿದೆ. ಮುರುಗಲು ಹಣ್ಣು ನುಣುಪು, ಕಡುಗೆಂಪು. ಉಪ್ಪಾಗೆಗೆ ಗೆರೆ ಗೆರೆ, ಬಣ್ಣ ಹಳದಿ. ನಮಗೆ ಇದು ದಿನದ ಮಾತು, ಊರಾಚೆಯ ಎಷ್ಟೋ ಜನರಿಗೆ ಗೊತ್ತಿಲ್ಲ. ತೋಟದಲ್ಲಿ ನೆಟ್ಟ ಮರವಾದರೆ ಹಾಗೆಂದು ಗುರುತು ಹಾಕುತ್ತೇನೆ, ಯಾಕೆಂದರೆ ತಾನಾಗಿ ಬೆಳೆದದ್ದಕ್ಕೆ ಮಾತ್ರ ರಿಸರ್ಚ್ ಗ್ರೇಡ್.

ಐನ್ಯಾಚುರಲಿಸ್ಟ್‌ನಲ್ಲಿ ತಾಳ್ಮೆ ಬೇಕು. ಸಣ್ಣ ಕಂದು ಪತಂಗಗಳು ವರ್ಷಗಟ್ಟಲೆ ಹೆಸರಿಲ್ಲದೆ ಕೂತಿರುತ್ತವೆ. ಆದರೆ ಕಳೆದುಹೋಗುವುದಿಲ್ಲ. ಬಲ್ಲವರೊಬ್ಬರು ಬಂದ ದಿನ ಹಳೆಯ ಫೋಟೋಗೂ ಉತ್ತರ ಬರುತ್ತದೆ.

ಕನ್ನಡದ ಹೆಸರುಗಳನ್ನು ಸೇರಿಸಲೂ ಅಲ್ಲಿ ಅವಕಾಶವಿದೆ. ಈಗ ಹೆಚ್ಚು ಹೊತ್ತು ಕೊಡುತ್ತಿರುವುದು ಅದಕ್ಕೇ. ಸೇರಿಸುವ ಮುಂಚೆ ಊರಿನ ಹಿರಿಯರ ಹತ್ತಿರ ಕೇಳುತ್ತೇನೆ. ನಮ್ಮ ಮುರುಗಲನ್ನು ದಕ್ಷಿಣ ಕನ್ನಡದವರು ಪುನರ್ಪುಳಿ ಅನ್ನುತ್ತಾರೆ. ಎರಡೂ ಹೆಸರು ಇರಬೇಕು, ಯಾವುದರಿಂದ ಹುಡುಕಿದರೂ ಆ ಮರ ಸಿಗಬೇಕು.