ಡೀನ್ ಕೊರಳಿನ ಪದಕ: ಹುತ್ತದ ಮಣ್ಣಿನ ಅಚ್ಚಿನಲ್ಲಿ ಎರಕ

‘ಸೂಪರ್‌ನ್ಯಾಚುರಲ್’ ಎಂಬ ಅಮೆರಿಕದ ಟಿ.ವಿ. ಧಾರಾವಾಹಿಯ ಅಭಿಮಾನಿಗಳಲ್ಲಿ ಹೆಚ್ಚಿನವರಿಗೆ 1967ರ ಇಂಪಾಲ ಕಾರಿನ ಮೇಲೆ ಕಣ್ಣು. ನನಗೆ ಅದರಲ್ಲಿನ ಅಣ್ಣ ಡೀನ್ ಕೊರಳಲ್ಲಿ ತೂಗುವ ಕೊಂಬಿನ ಮುಖದ ಪದಕವೇ ಹೆಚ್ಚು. 2005ರಿಂದ 2020ರವರೆಗೆ 327 ಕಂತು ನಡೆದ ಅಣ್ಣತಮ್ಮಂದಿರ ಕಥೆಯ ತಿರುಳು ಅದರಲ್ಲಿದೆ. ಮೂರನೇ ಸೀಸನ್‌ನ ಎಂಟನೇ ಕಂತಿನಲ್ಲಿ, 1991ರ ಕ್ರಿಸ್‌ಮಸ್‌ಗೆ ನೆಬ್ರಾಸ್ಕದ ಮೋಟೆಲ್ ಕೋಣೆಗೆ ಅಪ್ಪ ಬರುವುದೇ ಇಲ್ಲ. ಅಪ್ಪನಿಗೆ ಉಡುಗೊರೆಯೆಂದು ಸುತ್ತಿಟ್ಟಿದ್ದ ಈ ಪದಕವನ್ನು ಎಂಟು ವರ್ಷದ ತಮ್ಮ ಸ್ಯಾಮ್ ಅಣ್ಣನ ಕೈಗಿಡುತ್ತಾನೆ. ಐದನೇ ಸೀಸನ್‌ನಲ್ಲಿ ಡೀನ್ ಅದನ್ನೇ ಕಸದ ಬುಟ್ಟಿಗೆ ಹಾಕಿದಾಗ ನಮಗೆ ಅಷ್ಟು ಸಂಕಟವಾಗುವುದು ಇದಕ್ಕೇ. ಇಂಥದ್ದು ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗಬೇಕು. ಬಣ್ಣ ಬಳಿದ ಹಗುರ ಪದಕಗಳಿಂದ ಆ ಕೆಲಸ ಆಗುವುದಿಲ್ಲ. ಹಾಗಾಗಿ ಕಂಚಿನಲ್ಲೇ ಎರಕ ಹೊಯ್ದೆ.

ಮೇಣದಲ್ಲಿ ಗೊಂಬೆ ಮಾಡಿ, ಸುತ್ತ ಮಣ್ಣು ಬಳಿದು, ಮೇಣ ಕರಗಿಸಿ ತೆಗೆದ ಜಾಗಕ್ಕೆ ಲೋಹ ಹೊಯ್ಯುವುದು ಈ ವಿಧಾನ. ಮೊದಲು ಮೇಣ. ಬರೀ ಜೇನುಮೇಣ ಕೈಬಿಸಿಗೇ ಮೆತ್ತಗಾಗಿ ಮೂಗು, ಹುಬ್ಬು ಅಳಿಸಿಹೋಗುತ್ತವೆ. ಮೂರು ಪಾಲು ಮೇಣಕ್ಕೆ ಒಂದು ಪಾಲು ರಾಳ, ನಾಲ್ಕು ಹನಿ ಕಡಲೆಕಾಯಿ ಎಣ್ಣೆ ಸೇರಿಸಿ ಸಣ್ಣ ಉರಿಯಲ್ಲಿ ಕರಗಿಸಿದರೆ ಗೆರೆ ನಿಲ್ಲುತ್ತದೆ. ಪದಕದ ಎತ್ತರ 28 ಮಿ.ಮೀ. ಇಟ್ಟುಕೊಂಡೆ. ಲೋಹ ತಣಿಯುವಾಗ ನೂರಕ್ಕೆ ಒಂದೂವರೆ ಎರಡರಷ್ಟು ಕುಗ್ಗುವುದರಿಂದ ಮೇಣದ ಗೊಂಬೆ 28.5 ಇರಲಿ. ಕೊಂಬಿನ ತುದಿ 2 ಮಿ.ಮೀ.ಗಿಂತ ತೆಳುವಾದರೆ ಲೋಹ ಅಲ್ಲಿಗೆ ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ. ದಪ್ಪಗೆ ಬಿಟ್ಟು ಆಮೇಲೆ ಅರದಿಂದ ಉಜ್ಜುವುದೇ ಸರಿ. ಲೋಹ ಹೋಗುವ ನಾಳ 4 ಮಿ.ಮೀ., ತಲೆಯ ಹಿಂಭಾಗದಲ್ಲಿ, ಅಂದರೆ ಅತಿ ದಪ್ಪ ಇರುವಲ್ಲಿ. ಎರಡೂ ಕೊಂಬಿನ ತುದಿಯಿಂದ 1 ಮಿ.ಮೀ. ಗಾಳಿನಾಳ ಮೇಲಕ್ಕೆ ಬರಬೇಕು. ಅದಿಲ್ಲದಿದ್ದರೆ ಗಾಳಿ ಒಳಗೇ ಸಿಕ್ಕಿಕೊಂಡು ಕೊಂಬು ಅರ್ಧಕ್ಕೇ ನಿಲ್ಲುತ್ತದೆ.

ಎಷ್ಟು ಲೋಹ ಬೇಕೆಂದು ತಿಳಿಯಲು ನಾಳಗಳ ಸಮೇತ ಮೇಣವನ್ನು ತೂಗಿ 9.2ರಿಂದ ಗುಣಿಸಿ, ಮೇಲೆ ನೂರಕ್ಕೆ ಹತ್ತು ಸೇರಿಸಿ. 4 ಗ್ರಾಂ ಮೇಣಕ್ಕೆ ಸುಮಾರು 40 ಗ್ರಾಂ ಲೋಹ.

ಅಚ್ಚಿಗೆ ಹುತ್ತದ ಮಣ್ಣು ತುಂಬ ಒಳ್ಳೆಯದು. ಒಣಗಿಸಿ, ಕುಟ್ಟಿ, ಮಲ್ ಬಟ್ಟೆಯಲ್ಲಿ ಸೋಸಿ, ಸುಟ್ಟ ಭತ್ತದ ಹೊಟ್ಟಿನ ಬೂದಿಯನ್ನು ಸಮಪಾಲು ಬೆರೆಸಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಕುಂಚದಿಂದ ಬಳಿಯಬೇಕು. ಮುಖದ ಗೆರೆಗಳು ಮೂಡುವುದು ಈ ಮೊದಲ ಲೇಪದಲ್ಲೇ. ಒಂದು ಗಾಳಿಗುಳ್ಳೆ ಉಳಿದರೂ ಕೆನ್ನೆ ಮೇಲೆ ಲೋಹದ ಗಂಟು ಬರುತ್ತದೆ. ಎರಡನೇ ಲೇಪಕ್ಕೆ ಮರಳು, ಮೂರನೆಯದಕ್ಕೆ ಹೊಟ್ಟು. ಒಟ್ಟು ದಪ್ಪ 15 ಮಿ.ಮೀ. ಆದಮೇಲೆ ಬೈಂಡಿಂಗ್ ವೈರ್ ಸುತ್ತಿ. ಒಂದೊಂದು ಲೇಪವೂ ನೆರಳಲ್ಲಿ ಪೂರ್ತಿ ಒಣಗಬೇಕು. ಬಿಸಿಲಿಗಿಟ್ಟರೆ ಒಳಗಿನ ಮೇಣ ಹಿಗ್ಗಿ ಮಣ್ಣು ಬಿರಿಯುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದಕ್ಕೆ ಕೈ ಹಾಕಬೇಡಿ, ಮಣ್ಣು ಒಣಗುವ ಮಾತೇ ಇಲ್ಲ. ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗುವ ಹೊತ್ತು, ಫೆಬ್ರವರಿ ಮಾರ್ಚ್, ಸರಿಯಾದ ಕಾಲ.

ಲೋಹದ ವಿಷಯಕ್ಕೆ ಸ್ವಲ್ಪ ಗಮನ ಕೊಡಿ. ಹಳೆಯ ಕಂಚಿನ ತಟ್ಟೆ ಕರಗಿಸೋಣ ಅನ್ನಿಸುತ್ತದೆ. ಅದರಲ್ಲಿ ತವರ ನೂರಕ್ಕೆ ಇಪ್ಪತ್ತರ ಮೇಲಿರುತ್ತದೆ, ಕೆಳಗೆ ಬಿದ್ದರೆ ಕೊಂಬು ಮುರಿಯುತ್ತದೆ. ಹಿತ್ತಾಳೆ ಹಳದಿ ಹೆಚ್ಚು, ಕಪ್ಪು ಹಿಡಿಯುವುದೂ ಕಷ್ಟ, ಕಾವು ಮೀರಿದರೆ ಸತುವಿನ ಬಿಳಿ ಹೊಗೆ ಎದ್ದು ಅದನ್ನು ಉಸಿರಾಡಿದವರಿಗೆ ಜ್ವರ ಬರುತ್ತದೆ. ನಮಗೆ ಬೇಕಾದ ಕಂಚಿಗೆ ಒಂಬತ್ತು ಪಾಲು ತಾಮ್ರ, ಒಂದು ಪಾಲು ತವರ: 36 ಗ್ರಾಂಗೆ 4. ತಾಮ್ರ ಸಿಪ್ಪೆ ಸುಲಿದ ವೈರಿಂಗ್ ತಂತಿಯದಾಗಲಿ. ಮೋಟಾರ್ ವೈಂಡಿಂಗ್ ತಂತಿಗೆ ವಾರ್ನಿಷ್ ಇರುತ್ತದೆ. ತವರ ಕಲಾಯಿ ಹಾಕುವವರ ಹತ್ತಿರ ಸಿಗುತ್ತದೆ. ಮೈಗೆ ತಾಗುವ ವಸ್ತು, ಸೀಸ ಬೆರೆತ ಸೋಲ್ಡರ್ ಬೇಡವೇ ಬೇಡ.

ಎರಕ ಹೊಯ್ದದ್ದು ಹಾಸನದಲ್ಲಿ, ಪರಿಚಯದ ಅಕ್ಕಸಾಲಿಯವರ ಕುಲುಮೆಯಲ್ಲಿ. ಉರಿಗೆ ತೆಂಗಿನ ಚಿಪ್ಪಿನ ಇದ್ದಿಲು, ಅರಸೀಕೆರೆ ಸೀಮೆಯಲ್ಲಿ ಅದಕ್ಕೇನು ಬರ? ಅಚ್ಚನ್ನು ಬೋರಲು ಹಾಕಿ ಮೆಲ್ಲಗೆ ಕಾಯಿಸಿದರೆ ಮೇಣ ಇಳಿಯುತ್ತದೆ. ಆಮೇಲೆ ಅಚ್ಚು ಮಂದ ಕೆಂಪಗಾಗುವವರೆಗೆ ಸುಡಬೇಕು. ಒಳಗೆ ತೇವ ಉಳಿದಿದ್ದರೆ ಲೋಹ ಬಿದ್ದ ತಕ್ಷಣ ಆವಿಯಾಗಿ ಮುಖಕ್ಕೇ ಸಿಡಿಯುತ್ತದೆ, ಅದಕ್ಕೇ ಕನ್ನಡಕ, ಚರ್ಮದ ಕೈಗವಸು ಕಡ್ಡಾಯ. ತಾಮ್ರ 1085 ಡಿಗ್ರಿಗೆ ಕರಗುತ್ತದೆ. ಮೂಸೆಗೆ ಚಿಟಿಕೆ ಬಿಳಿಗಾರ, ಮೇಲೆ ಇದ್ದಿಲ ಪುಡಿ. ತವರ ಕೊನೆಗೆ, ಇಲ್ಲದಿದ್ದರೆ ಸುಟ್ಟು ಕಿಟ್ಟವಾಗುತ್ತದೆ. ಕಾಯಿಸಿದ ಕಬ್ಬಿಣದ ಸರಳಿನಿಂದ ಕಲಕಿ, ಅಚ್ಚು ಬಿಸಿ ಇರುವಾಗಲೇ, ಧಾರೆ ಕಡಿಯದಂತೆ ಒಂದೇ ಸಲಕ್ಕೆ ಹೊಯ್ಯಬೇಕು.

ಮಣ್ಣು ಒಡೆದು, ನಾಳ ಕತ್ತರಿಸಿ, ಹುಣಸೆಹಣ್ಣಿನಲ್ಲಿ ತೊಳೆದ ಮೇಲೆ 2.5 ಮಿ.ಮೀ. ತೂತು ಕೊರೆದೆ. ಹೊಳಪು ತೆಗೆಯಲು ಬೇಯಿಸಿದ ಮೊಟ್ಟೆಯ ಹಳದಿ ಪುಡಿಮಾಡಿ ಪದಕದ ಜೊತೆ ಮುಚ್ಚಿದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ, ಅದರ ಗಂಧಕಕ್ಕೆ ಕಂಚು ಕಪ್ಪಾಗುತ್ತದೆ. ಹುಬ್ಬು, ಮೂಗು, ಕೊಂಬಿನ ತುದಿ ಮಾತ್ರ ಸಣ್ಣ ಎಮೆರಿ ಕಾಗದದಿಂದ ಉಜ್ಜಿ. ಕಣ್ಣಿನ ಗುಳಿಯ ಕಪ್ಪನ್ನು ಮುಟ್ಟಬೇಡಿ. ಮಗುವಿನ ಕೈಯಿಂದ ಬಂದು ವರ್ಷಗಟ್ಟಲೆ ಎದೆಗೆ ತಾಗಿ ಸವೆದ ಪದಕ ಅದು, ಸವೆಯಬೇಕಾದಲ್ಲೇ ಸವೆದಿರಬೇಕು.

ದಾರಕ್ಕೆ ಚರ್ಮ ಚೆಂದವೇ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. 2 ಮಿ.ಮೀ. ದಪ್ಪದ ಕಪ್ಪು ಮೇಣದ ಹತ್ತಿದಾರ ಒಂದು ಮೀಟರ್ ತೆಗೆದುಕೊಂಡು ಎರಡೂ ಕಡೆ ಜಾರುಗಂಟು ಹಾಕಿ, ಪದಕ ಎದೆಮೂಳೆಯ ಮೇಲೆ ಕೂರುವಷ್ಟು ಇಳಿಬಿಡಿ.