ನ್ಯೂಪೋರ್ಟ್‌ಗೆ ಹೋದರೆ ಮಧ್ಯಾಹ್ನ ಹಾಯಿದೋಣಿಗೆ ಮೀಸಲಿಡಿ

ಬಾಸ್ಟನ್ ಕಡೆ ಇರುವ ನಮ್ಮಂಥವರ ಮನೆಗೆ ಊರಿಂದ ಅಪ್ಪ ಅಮ್ಮ ಬಂದರೆ ನ್ಯೂಪೋರ್ಟ್‌ಗೆ ಒಂದು ಸುತ್ತು ಆಗಲೇಬೇಕು. ರೋಡ್ ಐಲೆಂಡ್ ರಾಜ್ಯದ ಈ ಊರು ಹುಟ್ಟಿದ್ದು 1639ರಲ್ಲಿ. ಕಾರಿನಲ್ಲಿ ಒಂದೂವರೆ ತಾಸಿನ ದಾರಿ. ಹೆಚ್ಚಿನವರು ಬಂಗಲೆ ನೋಡಿ, ಬೀಚಿನಲ್ಲಿ ಫೋಟೊ ತೆಗೆದು ವಾಪಸ್ ಬಂದುಬಿಡುತ್ತಾರೆ. ನನ್ನ ಪ್ರಕಾರ ಹಾಯಿದೋಣಿ ಹತ್ತದೆ ಬಂದರೆ ನ್ಯೂಪೋರ್ಟ್ ನೋಡಿದ ಹಾಗಲ್ಲ. ಅದಕ್ಕೇ ನಾನು ಇಡೀ ದಿನವನ್ನು ಗಾಳಿ ನೋಡಿಕೊಂಡು ಹೊಂದಿಸುತ್ತೇನೆ.

ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ ಗಾಳಿ ಕಡಿಮೆ. ಬಿಸಿಲೇರಿ ನೆಲ ಕಾಯುತ್ತಿದ್ದಂತೆ ಅದರ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಸಮುದ್ರದ ತಂಪು ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನೈಋತ್ಯದಿಂದ ಬೀಸಲು ಶುರುವಾದರೆ ಸಂಜೆವರೆಗೂ ಚೆನ್ನಾಗಿ ಬೀಸುತ್ತದೆ. ಅಪ್ಪ ಹೊನ್ನಾವರದವರು. ಇದನ್ನು ಹೇಳಿದ ಕೂಡಲೇ, "ನಮ್ಮಲ್ಲೂ ಹಂಗೇ ಅಲ್ವನೋ ತಮಾ, ಮಧ್ಯಾಹ್ನದ ಮೇಲೆ ಪಡುಗಾಳಿ" ಅಂದರು.

ಬೆಳಿಗ್ಗೆ ಬೇಗ ಈಸ್ಟನ್ಸ್ ಬೀಚಿಗೆ ಹೋಗಿ. ಊರಿನವರು ಫಸ್ಟ್ ಬೀಚ್ ಅನ್ನುತ್ತಾರೆ. ತಡವಾದರೆ ಪಾರ್ಕಿಂಗ್ ಸಿಗುವುದು ಕಷ್ಟ. ಜೂನ್‌ನಲ್ಲಿ ನೀರು ಕೊರೆಯುತ್ತದೆ, ನಮ್ಮ ಕರಾವಳಿಯ ಬೆಚ್ಚನೆ ನೀರನ್ನು ನೆನೆಸಿಕೊಂಡು ಇಳಿಯಬೇಡಿ. ಆಗಸ್ಟ್ ವಾಸಿ. ಬೀಚಿನ ಪಕ್ಕದಲ್ಲೇ ಕ್ಲಿಫ್ ವಾಕ್ ಶುರು. ಒಂದು ಕಡೆ ಕಡಲು, ಇನ್ನೊಂದು ಕಡೆ ಬಂಗಲೆಗಳ ಹಿತ್ತಿಲು, ಒಟ್ಟು ಮೂರೂವರೆ ಮೈಲಿ. ಕೊನೆ ಕೊನೆಗೆ ಬಂಡೆಗಳ ಮೇಲೇ ನಡೆಯಬೇಕು, ವಯಸ್ಸಾದವರು ಜೊತೆಗಿದ್ದರೆ ಅರ್ಧಕ್ಕೇ ತಿರುಗಿ. 2022ರಲ್ಲಿ ಇದರ ಒಂದು ತುಂಡು ಕುಸಿದಿತ್ತು. ಹೋಗುವ ಮುಂಚೆ ಯಾವ ಭಾಗ ತೆರೆದಿದೆ ಅಂತ ನೋಡಿಕೊಳ್ಳಿ. ಬಂಗಲೆಗಳಲ್ಲಿ ಒಂದರ ಒಳಗೆ ಹೋದರೆ ಸಾಕು. ರೈಲು ವ್ಯವಹಾರದ ಸಿರಿವಂತರಾದ ವ್ಯಾಂಡರ್‌ಬಿಲ್ಟ್ ಮನೆತನದ 'ದಿ ಬ್ರೇಕರ್ಸ್', 1895ರದ್ದು, 70 ಕೋಣೆ.

ಬಂಗಲೆಯಲ್ಲಿ ಉಳಿಸಿದ ಸಮಯವನ್ನು ಫೇರ್‌ವೆಲ್ ಬೀದಿಯ ಹಳೆಯ ಸ್ಮಶಾನಕ್ಕೆ ಕೊಡಿ. ಅದರ ಒಂದು ಮೂಲೆಯ ಹೆಸರು ಗಾಡ್ಸ್ ಲಿಟಲ್ ಏಕರ್. 18ನೇ ಶತಮಾನದಲ್ಲಿ ಈ ಬಂದರಿನ ಹಡಗುಗಳು ಆಫ್ರಿಕಾಕ್ಕೆ ರಮ್ ಒಯ್ದು, ಅಲ್ಲಿಂದ ಜನರನ್ನು ಕೆರಿಬಿಯನ್‌ಗೆ ಸಾಗಿಸಿ ಮಾರಿ, ರಮ್ ಮಾಡಲು ಕಾಕಂಬಿ ತುಂಬಿಕೊಂಡು ಬರುತ್ತಿದ್ದವು. ಹಾಗೆ ಗುಲಾಮರಾದವರ, ಅವರ ಮಕ್ಕಳ ಸಮಾಧಿಗಳು ಇಲ್ಲಿವೆ. ಪಾಂಪ್ ಸ್ಟೀವನ್ಸ್ ಎಂಬ ಗುಲಾಮ ಕಲ್ಲುಕುಟಿಗ, 1768ರಲ್ಲಿ ತೀರಿಕೊಂಡ ತನ್ನ ಸಹೋದರ ಕಫ್ ಗಿಬ್ಸ್‌ಗೆ ತಾನೇ ಕಲ್ಲು ಕೆತ್ತಿದ. ಈ ಕಲ್ಲು ಕೆತ್ತಿದ್ದು ನಾನು ಅಂತ ಅದರಲ್ಲೇ ತನ್ನ ಹೆಸರು ಹಾಕಿದ. ಹಾಯಿಯ ಚೆಂದವನ್ನು ನೋಡಲು ಬಂದವರು ಇದನ್ನೂ ನೋಡಲೇಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಇನ್ನು ದೋಣಿ. ಹಾಯಿದೋಣಿಗಳ ಹೆಸರಾಂತ ಅಮೆರಿಕಾಸ್ ಕಪ್ ಪಂದ್ಯಗಳು 1930ರಿಂದ 1983ರವರೆಗೆ ಇಲ್ಲೇ ನಡೆದವು. ಆ ಕಾಲದ '12 ಮೀಟರ್' ದೋಣಿಗಳಲ್ಲಿ ಕೆಲವಕ್ಕೆ ಈಗ ಟಿಕೆಟ್ ಕೊಂಡು ಹತ್ತಬಹುದು. 12 ಮೀಟರ್ ಅನ್ನುವುದು ಉದ್ದವಲ್ಲ, ದೋಣಿಯ ಅಳತೆಗಳನ್ನು ಕೂಡಿಸುವ ಒಂದು ಸೂತ್ರದಿಂದ ಬಂದ ಹೆಸರು; ಉದ್ದ ಸುಮಾರು 65-70 ಅಡಿ. 1962ರಲ್ಲಿ ಗೆದ್ದ ವೆದರ್ಲಿ, 1967 ಮತ್ತು 1970ರಲ್ಲಿ ಗೆದ್ದ ಇಂಟ್ರೆಪಿಡ್ ಈ ಜಾತಿಯವೇ. ಕೂರಲು ಬೆಂಚು ಇರುವುದಿಲ್ಲ, ದೋಣಿಯ ಡೆಕ್ಕಿನ ಹಲಗೆಯ ಮೇಲೇ ಕೂರಬೇಕು. ಮಂಡಿನೋವಿರುವ ಅಮ್ಮನಿಗೆ ಸ್ಕೂನರ್ ಆರಾಮ. ಅದು ಎರಡು ಕಂಬದ ಅಗಲ ದೋಣಿ, ಒರಗಿ ಕೂರಬಹುದು.

ಸುಮ್ನೆ ಕೂತು ನೋಡುವುದಕ್ಕಿಂತ 12 ಮೀಟರ್ ದೋಣಿಯಲ್ಲಿ ಕೇಳಿ ಕೆಲಸ ತೆಗೆದುಕೊಳ್ಳಿ. ನನಗೆ ವಿಂಚ್ ತಿರುಗಿಸಲು ಕೊಟ್ಟರು. ಹಾಯಿಯ ಹಗ್ಗ ಒಂದು ಉರುಳೆಗೆ ಸುತ್ತಿರುತ್ತದೆ. ಹಿಡಿ ತಿರುಗಿಸಿದರೆ ಹಗ್ಗ ಬಿಗಿಯಾಗುತ್ತಾ ಹಾಯಿ ಒಳಗೆ ಬರುತ್ತದೆ. ಮೊದಲ ಸುತ್ತುಗಳು ಹಗುರ, ಹಾಯಿಗೆ ಗಾಳಿ ತುಂಬಿದ ಮೇಲೆ ಇಡೀ ಮೈಭಾರ ಹಾಕಬೇಕು. ಎದುರು ಗಾಳಿಗೆ ನೇರ ಹೋಗಲಾಗದು, ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗಬೇಕು. ಪ್ರತಿ ತಿರುವಿಗೂ ಒಂದು ಬದಿಯ ಹಗ್ಗ ಸಡಿಲಿಸಿ ಇನ್ನೊಂದು ಬದಿ ಎಳೆಯಬೇಕು. ಹಾಯಿ ಪಟಪಟ ಬಡಿದುಕೊಂಡು ಆಚೆ ಬದಿಗೆ ತುಂಬಿಕೊಂಡಾಗ ದೋಣಿ ವಾಲಿ, ಅಂಚಿನ ಮೇಲೆ ನೀರು ಹರಿಯುತ್ತದೆ.

"ಅಪ್ಪಾ, ಮಗುಚಲ್ವಾ?" ಅಂತ ಮಗಳು ಕೇಳಿದಳು. ದೋಣಿಯ ಅಡಿಯಲ್ಲಿ ಕೀಲ್ ಅಂತ ಸೀಸದ ದೊಡ್ಡ ಭಾರ ಇದೆ. ದೋಣಿ ವಾಲಿದಷ್ಟೂ ಅದು ನೆಟ್ಟಗೆ ಮಾಡಲು ನೋಡುತ್ತದೆ. 1851ರಿಂದ ಅಮೆರಿಕದವರ ಕೈಲೇ ಇದ್ದ ಕಪ್ ತಪ್ಪಿದ್ದರಲ್ಲೂ ಈ ಕೀಲ್‌ನ ಪಾಲು ದೊಡ್ಡದು. 1983ರಲ್ಲಿ 'ಆಸ್ಟ್ರೇಲಿಯಾ II' ದೋಣಿಯ ಕೀಲ್‌ಗೆ ಅದರ ವಿನ್ಯಾಸಕ ಬೆನ್ ಲೆಕ್ಸೆನ್ ರೆಕ್ಕೆ ಕೂರಿಸಿದ್ದರು. ದಡದಲ್ಲಿದ್ದಾಗ ಅದನ್ನು ಯಾರಿಗೂ ಕಾಣದಂತೆ ಬಟ್ಟೆಯಿಂದ ಮುಚ್ಚಿಡುತ್ತಿದ್ದರು. 3-1ರಿಂದ ಹಿಂದಿದ್ದವರು 4-3ರಲ್ಲಿ ಗೆದ್ದರು.

ಟಿಕೆಟ್ ಮುಂಚೆಯೇ ಮಾಡಿಸಿ. ವಾರಾಂತ್ಯಕ್ಕಿಂತ ವಾರದ ದಿನ ಒಳ್ಳೇದು. ದಡದಲ್ಲಿ ಸೆಕೆ ಇದ್ದರೂ ಒಂದು ಜಾಕೆಟ್ ಇರಲಿ. ಜಾರದ ರಬ್ಬರ್ ಅಟ್ಟೆಯ ಶೂ ಬೇಕು. ಧಕ್ಕೆಯ ಹೋಟೆಲುಗಳಲ್ಲಿ ಮೀನು, ಚಿಪ್ಪಿನ ಅಡುಗೆಯೇ ಜಾಸ್ತಿ, ಸಸ್ಯಾಹಾರಿಗಳು ಚಿತ್ರಾನ್ನ ಕಟ್ಟಿಕೊಂಡು ಹೋಗಿ. ಅಲ್ಲಿನ ಡೆಲ್ಸ್ ನಿಂಬೆ ಐಸ್ ಮಾತ್ರ ಬಿಡಬೇಡಿ. ದೋಣಿ ನಡೆಸುವುದನ್ನೇ ಕಲಿಯಬೇಕು ಅನಿಸಿದರೆ ಫೋರ್ಟ್ ಆಡಮ್ಸ್ ಕೋಟೆಯ ಪಕ್ಕ ಸೇಲ್ ನ್ಯೂಪೋರ್ಟ್ ಎಂಬ ಕೇಂದ್ರ ಇದೆ. ಮಕ್ಕಳಿಗೂ ದೊಡ್ಡವರಿಗೂ ಕಲಿಸುತ್ತಾರೆ. ಮಗಳನ್ನು ಮುಂದಿನ ಬೇಸಿಗೆಗೆ ಅಲ್ಲಿಗೆ ಸೇರಿಸುತ್ತಿದ್ದೇವೆ.